ಹಳೆಯ ಕ್ಯಾಬಿನೆಟ್‌ಗೆ ಗಾಳಿಯ ದಾರಿ: ಡೆಸ್ಕ್‌ಟಾಪ್ ಕಂಪ್ಯೂಟರ್ ತಂಪಾಗಿಡಲು ಸಮಗ್ರ ಮಾರ್ಗದರ್ಶಿ

ಹದಿನೈದು ವರ್ಷಕ್ಕೂ ಹಳೆಯದಾದ ಡೆಸ್ಕ್‌ಟಾಪ್ ಕ್ಯಾಬಿನೆಟ್ ಒಂದನ್ನು ಎದುರಿಗಿಟ್ಟುಕೊಂಡು, ಗಾಳಿ ಅದರೊಳಗೆ ಎಲ್ಲಿಂದ ಹೋಗುತ್ತದೆ, ಎಲ್ಲಿಂದ ಹೊರಗೆ ಬರುತ್ತದೆ ಎಂದು ಬೆರಳಿಟ್ಟು ತೋರಿಸಲು ಪ್ರಯತ್ನಿಸಿ. ಎದುರುಗಡೆ ಪೂರ್ತಿ ಮುಚ್ಚಿದ ಪ್ಲಾಸ್ಟಿಕ್ ಮುಖವಿರುತ್ತದೆ. ಅದರ ತಳದಲ್ಲಿ ಕಿರುಬೆರಳು ತೂರುವಷ್ಟು ಸಂದು. ಆ ಸಂದಿನ ಹಿಂದೆ, ತಗಡಿನಲ್ಲಿ ಅಚ್ಚೊತ್ತಿ ತೆಗೆದ ಬಟಾಣಿ ಗಾತ್ರದ ತೂತುಗಳು. ಹಿಂಬದಿಯಲ್ಲಿ 80 ಮಿ.ಮೀ. ಫ್ಯಾನ್ ಇದ್ದರೆ ಅದಕ್ಕೂ ಅಂಥದೇ ತೂತಿನ ತಗಡು ಅಡ್ಡ ಇರುತ್ತದೆ, ಮತ್ತು ಆ ತಗಡಿನಲ್ಲಿ ತೂತಿಗಿಂತ ಲೋಹವೇ ಹೆಚ್ಚಾಗಿರುತ್ತದೆ. ಇಂಥ ಪೆಟ್ಟಿಗೆಗೆ ಹೊಸ ಫ್ಯಾನ್ ತಂದು ಜೋಡಿಸಿದಾಗ ಬಿಸಿ ಇಳಿಯದೆ ಸದ್ದು ಮಾತ್ರ ಏರುವುದು ಈ ಅಡ್ಡಿಗಳಿಂದಾಗಿಯೇ. ಆದ್ದರಿಂದ ಈ ಬರಹದ ಕ್ರಮ ಹೀಗಿದೆ: ಮೊದಲು ದಾರಿ ತೆರೆಯುವುದು, ಆಮೇಲೆ ಫ್ಯಾನ್ ಹಾಕುವುದು, ಕೊನೆಗೆ ಬೇಡದ ಕಿಂಡಿಗಳನ್ನು ಮುಚ್ಚುವುದು.

ಉದಾಹರಣೆಗೆ ನಾನು ತೆಗೆದುಕೊಂಡಿರುವುದು, ನಮ್ಮಲ್ಲಿ ಇಂದಿಗೂ ಧಾರಾಳವಾಗಿ ಸಿಗುವ ಒಂದು ಜೋಡಣೆಯನ್ನು. ಪೆಂಟಿಯಂ 4ರ ಕಾಲದ ಎಟಿಎಕ್ಸ್ ಮಿಡ್ ಟವರ್ ಕ್ಯಾಬಿನೆಟ್. ಅದರೊಳಗೆ 2011ರಲ್ಲಿ ಬಂದ ಕೋರ್ ಐ5-2400 ಪ್ರೊಸೆಸರ್. ಜೊತೆಗೆ 2016ರ ಜಿಟಿಎಕ್ಸ್ 1050 ಟಿಐ ಗ್ರಾಫಿಕ್ಸ್ ಕಾರ್ಡ್. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಹಳೆಯ ಬಿಡಿಭಾಗಗಳನ್ನು ಹುಡುಕುತ್ತ ನಡೆದವರಿಗೆ ಇಂಥ ಯಂತ್ರಗಳ ಪರಿಚಯ ಇದ್ದೇ ಇರುತ್ತದೆ. ಓದುವ ಮಕ್ಕಳಿಗೆ, ಡಿಟಿಪಿ ಕೆಲಸಕ್ಕೆ, ಸಣ್ಣ ಅಂಗಡಿಯ ಲೆಕ್ಕಕ್ಕೆ ಇವು ಇನ್ನೂ ಹಲವು ವರ್ಷ ದುಡಿಯಬಲ್ಲವು. ಬಿಸಿಯಿಂದ ಕೆಡದಂತೆ ನೋಡಿಕೊಳ್ಳಬೇಕು, ಅಷ್ಟೇ.

ಎಷ್ಟು ಗಾಳಿ ಬೇಕು

ಲೆಕ್ಕ ಹಾಕದೆ ಗರಗಸ ಹಿಡಿಯಬಾರದು. ಐ5-2400ರ ಉಷ್ಣ ಮಿತಿ, ಅಂದರೆ ಪೂರ್ಣ ಹೊರೆಯಲ್ಲಿ ಅದು ಹೊರಸೂಸುವ ಬಿಸಿ 95 ವ್ಯಾಟ್, 1050 ಟಿಐ ಕಾರ್ಡಿನದು 75 ವ್ಯಾಟ್. ಮದರ್‌ಬೋರ್ಡ್, ರ್‍ಯಾಮ್, ಹಾರ್ಡ್‌ಡಿಸ್ಕ್‌ಗಳಿಗೆ ಇನ್ನೊಂದು 30 ವ್ಯಾಟ್ ಸೇರಿಸಿದರೆ ಪೂರ್ಣ ಹೊರೆಯಲ್ಲಿ ಸುಮಾರು 200 ವ್ಯಾಟ್ ಬಿಸಿ ಪೆಟ್ಟಿಗೆಯೊಳಗೆ ಹುಟ್ಟುತ್ತದೆ. ಈ ಬಿಸಿಯನ್ನು ಹೊತ್ತೊಯ್ಯಲು ಬೇಕಾದ ಗಾಳಿಯ ಪ್ರಮಾಣವನ್ನು ತಿಳಿಯಲು ವ್ಯಾಟ್ ಸಂಖ್ಯೆಯನ್ನು 1.76ರಿಂದ ಗುಣಿಸಿ, ಒಳಗೆ ಹೋಗುವ ಗಾಳಿಗಿಂತ ಹೊರಗೆ ಬರುವ ಗಾಳಿ ಎಷ್ಟು ಡಿಗ್ರಿ ಹೆಚ್ಚು ಬಿಸಿಯಾಗಿರಬಹುದೆಂದು ನಾವು ಒಪ್ಪಿಕೊಳ್ಳುತ್ತೇವೋ ಆ ಸಂಖ್ಯೆಯಿಂದ ಭಾಗಿಸಬೇಕು. 10 ಡಿಗ್ರಿ ಸೆಲ್ಸಿಯಸ್ ಏರಿಕೆಯನ್ನು ಒಪ್ಪಿಕೊಂಡರೆ ಉತ್ತರ ಸುಮಾರು 35 ಸಿಎಫ್‌ಎಂ, ಅಂದರೆ ನಿಮಿಷಕ್ಕೆ 35 ಘನ ಅಡಿ ಗಾಳಿ. ಏರಿಕೆ 5 ಡಿಗ್ರಿಗೆ ನಿಲ್ಲಬೇಕೆಂದರೆ ಅದರ ಎರಡರಷ್ಟು ಬೇಕು.

ಈ ಸಂಖ್ಯೆ ದೊಡ್ಡದೇನಲ್ಲ. ಸಾಮಾನ್ಯ 120 ಮಿ.ಮೀ. ಫ್ಯಾನ್ ನಿಮಿಷಕ್ಕೆ 1200 ಸುತ್ತಿನ ವೇಗದಲ್ಲಿ 40ರಿಂದ 60 ಸಿಎಫ್‌ಎಂ ಗಾಳಿಯನ್ನು ಸಾಗಿಸುತ್ತದೆಂದು ಅದರ ಡಬ್ಬಿಯ ಮೇಲೆ ಬರೆದಿರುತ್ತದೆ. ಆದರೆ ಅದು ಎದುರಿಗೆ ಯಾವ ಅಡ್ಡಿಯೂ ಇಲ್ಲದ ತೆರೆದ ಜಾಗದಲ್ಲಿ ಅಳೆದ ಲೆಕ್ಕ. ತೂತಿನ ತಗಡು, ಪ್ಲಾಸ್ಟಿಕ್ ಮುಖ, ಕೇಬಲ್ಲಿನ ಗಂಟುಗಳನ್ನು ದಾಟಿ ಬರುವಷ್ಟರಲ್ಲಿ ಅದು ಎಷ್ಟೋ ಕುಗ್ಗಿರುತ್ತದೆ. ಇಷ್ಟಾದರೂ ದೊಡ್ಡ ಫ್ಯಾನಿನ ಲಾಭ ಉಳಿಯುತ್ತದೆ: 120 ಮಿ.ಮೀ. ಫ್ಯಾನಿನ ವಿಸ್ತೀರ್ಣ 80 ಮಿ.ಮೀ. ಫ್ಯಾನಿಗಿಂತ ಎರಡೂಕಾಲು ಪಟ್ಟು, ಆದ್ದರಿಂದ ಅಷ್ಟೇ ಗಾಳಿಯನ್ನು ಅದು ನಿಧಾನವಾಗಿ ತಿರುಗಿ ಕೊಡಬಲ್ಲದು. ಫ್ಯಾನಿನ ವೇಗವನ್ನು ಅರ್ಧಕ್ಕೆ ಇಳಿಸಿದರೆ ಗಾಳಿ ಅರ್ಧವಾಗುತ್ತದೆ, ಸದ್ದು ಮಾತ್ರ ಸುಮಾರು 15 ಡೆಸಿಬಲ್‌ನಷ್ಟು ಇಳಿಯುತ್ತದೆ. ರಾತ್ರಿ ಹೊತ್ತು ಅದೇ ಕೋಣೆಯಲ್ಲಿ ಮಲಗುವವರಿಗೆ ಈ ವ್ಯತ್ಯಾಸದ ಬೆಲೆ ಗೊತ್ತು.

ಇನ್ನೊಂದು ಮಿತಿಯನ್ನೂ ಆರಂಭದಲ್ಲೇ ಒಪ್ಪಿಕೊಳ್ಳಬೇಕು. ಯಾವ ಫ್ಯಾನೂ ಕಂಪ್ಯೂಟರನ್ನು ಕೋಣೆಗಿಂತ ತಂಪಾಗಿಸಲಾರದು. ಕಲಬುರಗಿಯಲ್ಲೋ ರಾಯಚೂರಿನಲ್ಲೋ ಮೇ ತಿಂಗಳ ಮಧ್ಯಾಹ್ನ 40 ಡಿಗ್ರಿ ದಾಟಿದಾಗ, 10 ಡಿಗ್ರಿ ಏರಿಕೆಯ ಕ್ಯಾಬಿನೆಟ್ಟಿನಲ್ಲಿ ಪ್ರೊಸೆಸರ್ ಫ್ಯಾನಿಗೆ ಸಿಗುವುದು 50 ಡಿಗ್ರಿಯ ಗಾಳಿ. ಆದ್ದರಿಂದ ಪ್ರೊಸೆಸರಿನ ಉಷ್ಣತೆಯೊಂದನ್ನೇ ಬರೆದಿಟ್ಟುಕೊಂಡರೆ ಸಾಲದು, ಅದೇ ಹೊತ್ತಿನ ಕೋಣೆಯ ಉಷ್ಣತೆಯನ್ನೂ ಬರೆದು ಎರಡರ ವ್ಯತ್ಯಾಸವನ್ನು ನೋಡಬೇಕು. ಡಿಸೆಂಬರಿನಲ್ಲಿ ಬದಲಾವಣೆ ಮಾಡಿ, ಏಪ್ರಿಲಿನ ಅಳತೆಯೊಂದಿಗೆ ಹೋಲಿಸಿದವರು ತಮ್ಮ ಕೆಲಸದ ಫಲವನ್ನು ಎಂದಿಗೂ ಸರಿಯಾಗಿ ತಿಳಿಯಲಾರರು.

ಮೊದಲ ಪರೀಕ್ಷೆ: ತಪ್ಪು ಕ್ಯಾಬಿನೆಟ್ಟಿನದೇ?

ತಗಡು ಕತ್ತರಿಸುವ ಮುನ್ನ, ಬಿಸಿಗೆ ಕ್ಯಾಬಿನೆಟ್ಟೇ ಕಾರಣವೇ ಎಂಬುದನ್ನು ಖಚಿತಪಡಿಸಿಕೊಳ್ಳಿ. ವಿಂಡೋಸ್‌ನಲ್ಲಿ ಎಚ್‌ಡಬ್ಲ್ಯೂಇನ್ಫೊ, ಲಿನಕ್ಸ್‌ನಲ್ಲಿ ಎಲ್‌ಎಂ-ಸೆನ್ಸರ್ಸ್ ತಂತ್ರಾಂಶವನ್ನು ಹಾಕಿಕೊಂಡು, ಪ್ರೊಸೆಸರಿಗೆ ಪೂರ್ಣ ಹೊರೆ ಕೊಡುವ ಪ್ರೈಮ್95 ಅಥವಾ ಸ್ಟ್ರೆಸ್-ಎನ್‌ಜಿಯನ್ನು ಅರ್ಧ ಗಂಟೆ ಓಡಿಸಿ, ಉಷ್ಣತೆ ಒಂದು ಮಟ್ಟದಲ್ಲಿ ನಿಂತ ಮೇಲೆ ಬರೆದುಕೊಳ್ಳಿ. ಬಳಿಕ ಎಡಪಕ್ಕದ ತಗಡನ್ನು ತೆಗೆದಿಟ್ಟು ಮತ್ತೆ ಅರ್ಧ ಗಂಟೆ ಅದೇ ಹೊರೆ ಕೊಡಿ. ಉಷ್ಣತೆ ಎದ್ದು ಕಾಣುವಷ್ಟು ಇಳಿದರೆ ಒಳಗಿನ ಗಾಳಿ ಕಟ್ಟಿಕೊಂಡಿದೆ ಎಂದರ್ಥ, ಅಂದರೆ ಈ ಮಾರ್ಗದರ್ಶಿಯ ಕೆಲಸಗಳು ನಿಮಗೆ ಫಲ ಕೊಡುತ್ತವೆ. ಇಳಿಯದಿದ್ದರೆ ತೊಂದರೆ ಇರುವುದು ಪ್ರೊಸೆಸರಿನ ಕೂಲರ್‌ನಲ್ಲಿ, ಅಂದರೆ ಅದರ ಮೇಲೆ ಕೂರುವ ಲೋಹದ ಹೀಟ್‌ಸಿಂಕ್ ಮತ್ತು ಫ್ಯಾನಿನ ಜೋಡಿಯಲ್ಲಿ.

ಕೂಲರ್‌ನ ತೊಂದರೆಗಳು ಸಾಮಾನ್ಯವಾಗಿ ಮೂರು: ಹೀಟ್‌ಸಿಂಕ್‌ನ ರೆಕ್ಕೆಗಳ ನಡುವೆ ಕಂಬಳಿಯಂತೆ ಕುಳಿತ ದೂಳು, ಒಣಗಿ ಸುಣ್ಣದ ಪುಡಿಯಂತಾದ ಥರ್ಮಲ್ ಪೇಸ್ಟ್ (ಪ್ರೊಸೆಸರಿನ ಬಿಸಿಯನ್ನು ಹೀಟ್‌ಸಿಂಕ್‌ಗೆ ದಾಟಿಸುವ ಲೇಪ), ಮತ್ತು ಸರಿಯಾಗಿ ಕೂರದ ಪಿನ್ನು. ಇಂಟೆಲ್‌ನ ಪೆಟ್ಟಿಗೆಯಲ್ಲೇ ಬರುವ ಕೂಲರಿಗೆ ನಾಲ್ಕು ಪ್ಲಾಸ್ಟಿಕ್ ಪಿನ್ನುಗಳಿದ್ದು, ಅವುಗಳಲ್ಲಿ ಒಂದು ಪೂರ್ತಿ ಇಳಿಯದೆ ಉಳಿದರೂ ಹೀಟ್‌ಸಿಂಕ್ ಒಂದು ಮೂಲೆಯಲ್ಲಿ ಎದ್ದು ನಿಲ್ಲುತ್ತದೆ. ಬೋರ್ಡನ್ನು ಹೊರಗೆ ತೆಗೆದಾಗ ಅದರ ಹಿಂಬದಿಯಲ್ಲಿ ನಾಲ್ಕೂ ಪಿನ್ನುಗಳ ತುದಿ ಅರಳಿ ನಿಂತಿವೆಯೇ ಎಂದು ನೋಡಿ. ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ಮೆತ್ತನೆಯ ಬಟ್ಟೆಯಿಂದ ಒರೆಸಿ, ನಡುವೆ ಬಟಾಣಿಯಷ್ಟು ಹೊಸ ಪೇಸ್ಟ್ ಇಟ್ಟು, ಎದುರುಬದುರು ಮೂಲೆಯ ಪಿನ್ನುಗಳನ್ನು ಜೋಡಿಯಾಗಿ ಒತ್ತಬೇಕು. ಬ್ಲೋವರಿನಿಂದ ದೂಳು ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಂಡಿರಿ. ಗಾಳಿಯ ರಭಸಕ್ಕೆ ಅದು ಮಿತಿಮೀರಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ.

ಪಕ್ಕದ ತಗಡನ್ನು ಶಾಶ್ವತವಾಗಿ ತೆಗೆದಿಟ್ಟರೆ ಮುಗಿಯಿತಲ್ಲವೇ ಎಂದು ಅನೇಕರು ಕೇಳುತ್ತಾರೆ. ಪ್ರೊಸೆಸರಿಗೆ ಅದು ಒಳ್ಳೆಯದೇ ಇರಬಹುದು, ಆದರೆ ಮುಂಭಾಗದಿಂದ ಹಾರ್ಡ್‌ಡಿಸ್ಕ್‌ಗಳ ಮೇಲೆ ಹಾದುಬರುವ ಗಾಳಿ ಆಗ ನಿಂತುಹೋಗುತ್ತದೆ, ದೂಳು ನೇರವಾಗಿ ಬೋರ್ಡಿನ ಮೇಲೆ ಕೂರುತ್ತದೆ, ಹಲ್ಲಿ ಜಿರಳೆಗಳಿಗೂ ಬಾಗಿಲು ತೆರೆದಂತಾಗುತ್ತದೆ. ಹಲ್ಲಿ ಬಿದ್ದು ಸುಟ್ಟ ಬೋರ್ಡನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ದಾರಿಯನ್ನು ಯಾರಿಗೂ ಹೇಳಲಾರೆ.

ಸುರಕ್ಷತೆ ಮತ್ತು ಸಲಕರಣೆ

ಕಂಪ್ಯೂಟರಿಗೆ ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್‌ನ ಡಬ್ಬಿಯನ್ನು ಬಿಚ್ಚಬೇಡಿ. 230 ವೋಲ್ಟ್ ಮನೆಯ ವಿದ್ಯುತ್ತು ಅದರೊಳಗೆ 300 ವೋಲ್ಟ್‌ಗೂ ಮೀರಿದ ನೇರ ವಿದ್ಯುತ್ತಾಗಿ ಕೆಪಾಸಿಟರುಗಳಲ್ಲಿ ನಿಲ್ಲುತ್ತದೆ, ಪ್ಲಗ್ ಕಿತ್ತ ಮೇಲೂ ಕೆಲಕಾಲ ಉಳಿದಿರುತ್ತದೆ. ಅದರ ದೂಳನ್ನು ಹೊರಗಿನಿಂದಲೇ ಊದಿ ತೆಗೆಯಿರಿ. ಕ್ಯಾಬಿನೆಟ್ಟಿನ ತಗಡು ಮುಟ್ಟಿದಾಗ ಕೈ ಜುಂ ಎನ್ನುತ್ತಿದ್ದರೆ ಗೋಡೆಯ ಸಾಕೆಟ್ಟಿನಲ್ಲಿ ಅರ್ಥಿಂಗ್ ಇಲ್ಲ ಎಂದು ತಿಳಿಯಿರಿ. ಎಲೆಕ್ಟ್ರಿಷಿಯನ್‌ನಿಂದ ಅದನ್ನು ಮೊದಲು ಸರಿಪಡಿಸಿಕೊಳ್ಳಬೇಕು, ಬಣ್ಣ ಕೆರೆದುಹೋದ ಹೊಸ ಅಂಚುಗಳಿರುವ ಪೆಟ್ಟಿಗೆಯಲ್ಲಂತೂ ಇದು ಕಡ್ಡಾಯ.

ಬೇಕಾಗುವ ಸಲಕರಣೆಗಳು ಹೆಚ್ಚೇನಿಲ್ಲ. ಡ್ರಿಲ್ ಯಂತ್ರ, 3 ಮತ್ತು 4.5 ಮಿ.ಮೀ. ಡ್ರಿಲ್ ಬಿಟ್‌ಗಳು, ಸೆಂಟರ್ ಪಂಚ್, ಸುತ್ತಿಗೆ, ತಗಡು ಕತ್ತರಿ, ಅರ್ಧಚಂದ್ರಾಕಾರದ ಅರ, ಉಕ್ಕಿನ ಸ್ಕೇಲು, ಕೈವಾರ, ಕಾಗದದ ಅಂಟುಪಟ್ಟಿ, ಎರಡು ಕ್ಲಾಂಪು, ಹಲಗೆಯ ತುಂಡೊಂದು. ದುಂಡು ತೂತಿಗೆ 114 ಮಿ.ಮೀ., ಅಂದರೆ ನಾಲ್ಕೂವರೆ ಇಂಚಿನ ಬೈಮೆಟಲ್ ಹೋಲ್‌ಸಾ (ಡ್ರಿಲ್‌ಗೆ ಹಾಕುವ ಬಟ್ಟಲಿನಾಕಾರದ ಗರಗಸ) ಸಿಕ್ಕರೆ ಕೆಲಸ ಅಚ್ಚುಕಟ್ಟಾಗುತ್ತದೆ, ಆದರೆ ಒಂದೆರಡು ತೂತಿಗಾಗಿ ಅದನ್ನು ಕೊಳ್ಳುವುದು ದುಬಾರಿ. ಪರಿಚಯದ ಫ್ಯಾಬ್ರಿಕೇಶನ್ ಅಂಗಡಿಯವರಿದ್ದರೆ ಗುರುತು ಹಾಕಿಕೊಂಡು ಬರೀ ಚೌಕಟ್ಟನ್ನು ಒಯ್ದರೆ ಅವರೇ ಕೊರೆದುಕೊಡುತ್ತಾರೆ. ಕಣ್ಣಿಗೆ ಕನ್ನಡಕವಿಲ್ಲದೆ ಡ್ರಿಲ್ ಹಿಡಿಯಬೇಡಿ. ತಗಡಿನ ಅಂಚು ಹಿಡಿಯುವಾಗ ಕೈಗವಸು ಬೇಕು; ಡ್ರಿಲ್ ತಿರುಗುತ್ತಿರುವಾಗ ಸಡಿಲವಾದ ಬಟ್ಟೆಯ ಕೈಗವಸು ಬೇಡ, ಡ್ರಿಲ್ ಬಿಟ್ ಅದನ್ನು ಸುತ್ತಿಕೊಂಡು ಬೆರಳನ್ನೂ ಎಳೆದುಕೊಳ್ಳುತ್ತದೆ. ಆ್ಯಂಗಲ್ ಗ್ರೈಂಡರನ್ನು ಈ ಕೆಲಸಕ್ಕೆ ನಾನು ಒಪ್ಪುವುದಿಲ್ಲ: ಅದರ ಚಕ್ರ ನೇರ ಗೆರೆಗೆ ತಕ್ಕುದು, ಕಿಡಿಗಳು ಸುತ್ತಲಿನ ಬಣ್ಣವನ್ನು ಸುಡುತ್ತವೆ.

ಕತ್ತರಿಸುವ ಮುನ್ನ ಬೋರ್ಡು, ಕಾರ್ಡು, ಡಿಸ್ಕು, ಎಸ್‌ಎಂಪಿಎಸ್, ವೈರು ಎಲ್ಲವನ್ನೂ ಹೊರತೆಗೆದು, ಪ್ರತಿ ಹಂತದಲ್ಲೂ ಫೋನಿನಿಂದ ಚಿತ್ರ ತೆಗೆದುಕೊಳ್ಳಿ. ಮುಂಭಾಗದ ಪವರ್ ಬಟನ್, ರೀಸೆಟ್, ಎಲ್‌ಇಡಿಗಳ ಸಣ್ಣ ವೈರುಗಳು ಬೋರ್ಡಿನ ಯಾವ ಪಿನ್ನಿಗೆ ಕೂತಿದ್ದವು ಎಂಬುದು ನೆನಪಿನಲ್ಲಿ ಉಳಿಯುವ ಸಂಗತಿಯಲ್ಲ. ಇದರ ಜೊತೆಗೆ, ಹಳೆಯ ಕ್ಯಾಬಿನೆಟ್ಟುಗಳ ಮುಂಭಾಗದಲ್ಲಿರುವ ಪುಟ್ಟ ಸ್ಪೀಕರನ್ನೂ ಮರೆಯದೆ ತೆಗೆಯಿರಿ. ನಾನು ಮೊದಲ ಸಲ ಕೊರೆದಾಗ ಅದನ್ನು ಬಿಟ್ಟಿದ್ದೆ. ಚೌಕಟ್ಟನ್ನೆಲ್ಲ ಒರೆಸಿ, ಜೋಡಿಸಲು ಹೊರಟಾಗ ಟಾರ್ಚ್ ಬೆಳಕಿನಲ್ಲಿ ಕಂಡದ್ದು, ಸ್ಪೀಕರಿನ ಅಯಸ್ಕಾಂತದ ಸುತ್ತ ಗಡ್ಡ ಬೆಳೆದಂತೆ ನಿಂತಿದ್ದ ಉಕ್ಕಿನ ಪುಡಿ. ಅದರಲ್ಲೊಂದು ಚೂರು ಉದುರಿ ಬೋರ್ಡಿನ ಮೇಲೆ ಚಿಪ್ಪಿನ ಎರಡು ಕಾಲುಗಳ ನಡುವೆ ಬಿದ್ದಿದ್ದರೆ ಬೋರ್ಡು ಅಲ್ಲಿಗೆ ಮುಗಿಯುತ್ತಿತ್ತು.

ಕತ್ತರಿಸದೆ ತೆರೆಯಬಹುದಾದ ದಾರಿ: ಡಿವಿಡಿ ಡ್ರೈವ್‌ನ ಖಾನೆಗಳು

ಹಳೆಯ ಕ್ಯಾಬಿನೆಟ್ಟಿನಲ್ಲಿ ಇಂದು ವ್ಯರ್ಥವಾಗಿ ಬಿದ್ದಿರುವ ಅತ್ಯಂತ ಬೆಲೆಬಾಳುವ ಜಾಗವೆಂದರೆ ಮೇಲ್ಭಾಗದ ಐದೂಕಾಲು ಇಂಚಿನ ಖಾನೆಗಳು. ಒಂದೊಂದು ಖಾನೆ 41.3 ಮಿ.ಮೀ. ಎತ್ತರ, ಸುಮಾರು 146 ಮಿ.ಮೀ. ಅಗಲ. ಮೂರು ಖಾನೆಗಳನ್ನು ಸೇರಿಸಿದರೆ ಎತ್ತರ ಸುಮಾರು 124 ಮಿ.ಮೀ. ಆಗುತ್ತದೆ, ಅಂದರೆ 120 ಮಿ.ಮೀ. ಫ್ಯಾನೊಂದು ಹೇಳಿ ಮಾಡಿಸಿದಂತೆ ಅಲ್ಲಿ ಕೂರುತ್ತದೆ. ಈ ಫ್ಯಾನ್ ಎಸೆಯುವ ಗಾಳಿ ನೇರವಾಗಿ ಪ್ರೊಸೆಸರ್ ಮತ್ತು ರ್‍ಯಾಮ್‌ಗಳ ಮೇಲೆ ಹಾದು ಹಿಂಬದಿಯ ಫ್ಯಾನಿಗೆ ತಲುಪುತ್ತದೆ. ನನ್ನ ಮಟ್ಟಿಗೆ ಇದು ಇಡೀ ಮಾರ್ಗದರ್ಶಿಯಲ್ಲಿ ಅತಿ ಕಡಿಮೆ ಶ್ರಮಕ್ಕೆ ಅತಿ ಹೆಚ್ಚು ಫಲ ಕೊಡುವ ಕೆಲಸ.

ಮುಂಭಾಗದ ಮೂರು ಪ್ಲಾಸ್ಟಿಕ್ ಮುಚ್ಚಳಗಳನ್ನು ತೆಗೆಯಿರಿ. ಅವುಗಳ ಹಿಂದೆ ಎರಡು ಕಡೆ ಮಾತ್ರ ಅಂಟಿಕೊಂಡಿರುವ ತಗಡಿನ ಪಟ್ಟಿಗಳಿದ್ದರೆ ಇಕ್ಕಳದಿಂದ ಹಿಡಿದು ಹಿಂದೆ ಮುಂದೆ ಬಾಗಿಸಿದರೆ ಮುರಿದು ಬರುತ್ತವೆ. ಖಾನೆಗಳ ಒಳಗೋಡೆಯಲ್ಲಿ ಡ್ರೈವಿಗೆ ಆಸರೆಯಾಗಿ ಮಡಚಿದ ಚಿಕ್ಕ ನಾಲಿಗೆಗಳಿರುತ್ತವೆ. ಅವು ಫ್ಯಾನಿಗೆ ಅಡ್ಡ ಬಂದರೆ ಇಕ್ಕಳದಿಂದ ಗೋಡೆಗೆ ಒತ್ತಿ ಚಪ್ಪಟೆ ಮಾಡಿ. ಫ್ಯಾನನ್ನು ನಿಲ್ಲಿಸಲು ಒಂದು ಇಂಚಿನ ಅಲ್ಯೂಮಿನಿಯಂ ಎಲ್ ಆ್ಯಂಗಲ್‌ನಿಂದ 20 ಮಿ.ಮೀ. ಉದ್ದದ ನಾಲ್ಕು ತುಂಡುಗಳು ಸಾಕು. ಲೆಕ್ಕ ನೋಡಿ: 146ರಲ್ಲಿ 120 ಕಳೆದರೆ ಎರಡೂ ಪಕ್ಕಕ್ಕೆ 13 ಮಿ.ಮೀ. ಉಳಿಯುತ್ತದೆ, ಫ್ಯಾನಿನ ಸ್ಕ್ರೂ ತೂತು ಅದರ ಅಂಚಿನಿಂದ 7.5 ಮಿ.ಮೀ. ಒಳಗಿದೆ, ಆದ್ದರಿಂದ ಖಾನೆಯ ಗೋಡೆಯಿಂದ 20.5 ಮಿ.ಮೀ. ದೂರದಲ್ಲಿ ತೂತು ಬರಬೇಕು, ಒಂದು ಇಂಚಿನ ಆ್ಯಂಗಲ್ ಅಷ್ಟು ದೂರ ಚಾಚುತ್ತದೆ. ಉದ್ದ ಪಟ್ಟಿಯನ್ನೇ ಇಟ್ಟರೆ ಅದು ಫ್ಯಾನಿನ ಬಾಯಿಯ ಒಂದಂಶವನ್ನು ಮುಚ್ಚುತ್ತದೆ, ಅದಕ್ಕಾಗಿಯೇ ಮೂಲೆಗೊಂದರಂತೆ ತುಂಡುಗಳು. ಡಿವಿಡಿ ಡ್ರೈವಿಗೆ ಬಳಸುವ ಎಂ3 ಸ್ಕ್ರೂಗಳು ಪಕ್ಕದ ಗೋಡೆಗೆ ಸರಿಹೊಂದುತ್ತವೆ. ಆ್ಯಂಗಲ್‌ನ ಇನ್ನೊಂದು ಬದಿಗೆ ನಟ್ಟು ಹಾಕಬೇಕು. ಹಾರ್ಡ್‌ಡಿಸ್ಕಿನ ದಪ್ಪ ಸ್ಕ್ರೂ ಬೇರೆ ಅಳತೆಯದು, ಅದನ್ನು ಬಲವಂತವಾಗಿ ತಿರುಗಿಸಬೇಡಿ.

ಮುಚ್ಚಳ ತೆಗೆದ ಬಾಯಿಗೆ ತೂತುಗಳು ಒತ್ತೊತ್ತಾಗಿರುವ ತೆಳುವಾದ ಲೋಹದ ಜಾಲರಿಯನ್ನು ಅಳತೆಗೆ ಕತ್ತರಿಸಿ ಒಳಗಿನಿಂದ ಕೂರಿಸಿದರೆ ನೋಡಲೂ ಚೆನ್ನಾಗಿರುತ್ತದೆ. ಡಿವಿಡಿ ಡ್ರೈವ್ ಬೇಕೇ ಬೇಕೆನ್ನುವವರು ನಾಲ್ಕು ಖಾನೆಗಳ ಕ್ಯಾಬಿನೆಟ್ ಆಗಿದ್ದರೆ ಮೇಲಿನದನ್ನು ಉಳಿಸಿಕೊಳ್ಳಬಹುದು. ಇಲ್ಲವಾದರೆ ಯುಎಸ್‌ಬಿಯಿಂದ ನಡೆಯುವ ಹೊರಗಿನ ಡ್ರೈವ್ ಸಾಕಾಗುತ್ತದೆ.

ಹಿಂಬದಿಯ ಕಿಂಡಿಯನ್ನು ತೆರೆಯುವುದು

ಬಿಸಿ ಗಾಳಿ ಹೊರಹೋಗುವ ಮುಖ್ಯ ದಾರಿ ಇದು. ಈಗಿರುವ ಫ್ಯಾನಿನ ಗಾತ್ರವನ್ನು ಬದಲಿಸದಿದ್ದರೂ, ಅದರ ಎದುರಿನ ತೂತಿನ ತಗಡನ್ನು ಪೂರ್ತಿ ಕತ್ತರಿಸಿ ತೆಗೆದು, ಅಂಗಡಿಯಲ್ಲಿ ಸಿಗುವ ತಂತಿಯ ಸುರುಳಿ ಜಾಲರಿಯನ್ನು ಹಾಕಿದರೆ ಸದ್ದೂ ಇಳಿಯುತ್ತದೆ, ಗಾಳಿಯೂ ಹೆಚ್ಚುತ್ತದೆ. ತಗಡು ಕತ್ತರಿಯ ಮೂತಿ ತೂರುವಂತೆ ಒಂದೆರಡು ತೂತುಗಳನ್ನು ಡ್ರಿಲ್‌ನಿಂದ ದೊಡ್ಡದು ಮಾಡಿಕೊಂಡು, ಅಂಚಿಗೆ ಹತ್ತಿರದಲ್ಲಿ ಸುತ್ತಲೂ ಕತ್ತರಿಸಿ, ಉಳಿದ ಹಲ್ಲುಗಳನ್ನು ಅರದಿಂದ ತಿಕ್ಕಿ.

ದೊಡ್ಡ ಫ್ಯಾನ್ ಹಾಕುವ ಆಸೆಯಿದ್ದರೆ ಮೊದಲು ಜಾಗ ಅಳೆಯಿರಿ. ಮೇಲೆ ಎಸ್‌ಎಂಪಿಎಸ್, ಒಂದು ಪಕ್ಕದಲ್ಲಿ ಕೀಬೋರ್ಡ್ ಯುಎಸ್‌ಬಿ ಕಿಂಡಿಗಳ ಪಟ್ಟಿ, ಇನ್ನೊಂದು ಪಕ್ಕದಲ್ಲಿ ತಗಡಿನ ಮಡಿಕೆ ಇರುತ್ತದೆ. ಇವುಗಳ ನಡುವೆ ಫ್ಯಾನಿನ 25 ಮಿ.ಮೀ. ದಪ್ಪವೂ ಒಳಗೆ ಹಿಡಿಸಬೇಕು. 180 ಮಿ.ಮೀ. ಅಗಲದ ಕಿರಿದಾದ ಕ್ಯಾಬಿನೆಟ್ಟುಗಳಲ್ಲಿ 120 ಮಿ.ಮೀ. ಫ್ಯಾನ್ ಹಿಡಿಸುವುದು ಕಷ್ಟ; ಅಲ್ಲಿ 92 ಮಿ.ಮೀ. ಫ್ಯಾನಿಗೆ ತೃಪ್ತಿಪಡುವುದು ಜಾಣತನ. ಸ್ಕ್ರೂ ತೂತುಗಳ ನಡುವಿನ ಅಂತರ 80 ಮಿ.ಮೀ. ಫ್ಯಾನಿಗೆ 71.5, 92ಕ್ಕೆ 82.5, 120ಕ್ಕೆ 105, 140ಕ್ಕೆ 124.5 ಮಿ.ಮೀ. ಎಂಬುದನ್ನು ಬರೆದಿಟ್ಟುಕೊಳ್ಳಿ.

ಗುರುತು ಹಾಕುವ ಕೆಲಸಕ್ಕೆ ಕತ್ತರಿಸುವುದಕ್ಕಿಂತ ಹೆಚ್ಚು ಹೊತ್ತು ಕೊಡಬೇಕು. ತಗಡಿನ ಮೇಲೆ ಕಾಗದದ ಅಂಟುಪಟ್ಟಿಯನ್ನು ಸಾಲಾಗಿ ಹಚ್ಚಿ. ಗೆರೆ ಚೆನ್ನಾಗಿ ಕಾಣುತ್ತದೆ, ಸಲಕರಣೆ ಉಜ್ಜಿ ಬಣ್ಣ ಕೆಡುವುದೂ ತಪ್ಪುತ್ತದೆ. 105 ಮಿ.ಮೀ. ಬದಿಯ ಚೌಕವನ್ನು ಬರೆದು, ಮೂಲೆಯಿಂದ ಮೂಲೆಗೆ ಎರಡು ಕರ್ಣಗಳನ್ನು ಎಳೆದರೆ ಅವು ಕೂಡುವ ಜಾಗವೇ ಕೇಂದ್ರ. ಎರಡೂ ಕರ್ಣಗಳು ಸುಮಾರು 148.5 ಮಿ.ಮೀ. ಇದ್ದರೆ ಚೌಕ ಸರಿಯಾಗಿದೆ. ಒಂದು ಉದ್ದ ಒಂದು ಗಿಡ್ಡ ಬಂದರೆ ಅಳಿಸಿ ಮತ್ತೆ ಬರೆಯಿರಿ. ಕೇಂದ್ರದಿಂದ 57 ಮಿ.ಮೀ. ತ್ರಿಜ್ಯದ ವೃತ್ತ ಎಳೆಯಿರಿ. ಈಗ ಫ್ಯಾನನ್ನೇ ಅದರ ಮೇಲಿಟ್ಟು ನೋಡಿ, ನಾಲ್ಕು ತೂತುಗಳ ಒಳಗಿನಿಂದ ಚೌಕದ ನಾಲ್ಕು ಮೂಲೆಗಳು ಕಾಣಬೇಕು.

ನಾಲ್ಕು ಮೂಲೆಗಳಿಗೂ ಕೇಂದ್ರಕ್ಕೂ ಸೆಂಟರ್ ಪಂಚಿನಿಂದ ಒಂದೊಂದು ಏಟು ಹಾಕಿ ಕುಳಿ ಮಾಡಿ, ಇಲ್ಲದಿದ್ದರೆ ಡ್ರಿಲ್ ಬಿಟ್ ಜಾರಿ ಬಣ್ಣದ ಮೇಲೆ ಗೀರು ಎಳೆಯುತ್ತದೆ. ಮೂಲೆಗಳಿಗೆ ಮೊದಲು 3 ಮಿ.ಮೀ., ಆಮೇಲೆ 4.5 ಮಿ.ಮೀ. ಡ್ರಿಲ್ ಬಿಟ್ ಬಳಸಿ. ತಗಡಿನ ಹಿಂದೆ ಹಲಗೆಯ ತುಂಡನ್ನು ಕ್ಲಾಂಪಿನಿಂದ ಬಿಗಿದು, ಹೋಲ್‌ಸಾವನ್ನು ಅತಿ ನಿಧಾನ ವೇಗದಲ್ಲಿ, ಹಲ್ಲಿಗೆ ನಾಲ್ಕು ಹನಿ ಎಣ್ಣೆ ಬಿಟ್ಟು ತಿರುಗಿಸಿ. ಈ ತಗಡು ಹೆಚ್ಚೆಂದರೆ ಒಂದು ಮಿ.ಮೀ. ದಪ್ಪ, ಅನೇಕ ಕಡೆ ಅದರ ಅರ್ಧ. ಆದ್ದರಿಂದ ಅಪಾಯ ಇರುವುದು ಕೊನೆಯ ಕ್ಷಣದಲ್ಲಿ: ಒಂದು ಕಡೆ ತಗಡು ತುಂಡಾಗಿ ಹಲ್ಲು ಸಿಕ್ಕಿಕೊಂಡಾಗ ಇಡೀ ಚೌಕಟ್ಟೇ ತಿರುಗಲು ನೋಡುತ್ತದೆ. ಡ್ರಿಲ್‌ನ ದನಿ ಬದಲಾದ ಕೂಡಲೇ ಒತ್ತಡ ಸಡಿಲಿಸಿ, ಹೋಲ್‌ಸಾ ತನ್ನ ಭಾರದಲ್ಲೇ ತಿರುಗಲು ಬಿಡಿ.

ಹೋಲ್‌ಸಾ ಇಲ್ಲದವರು ವೃತ್ತದ ಗೆರೆಯ ಒಳಬದಿಯಲ್ಲಿ 3 ಮಿ.ಮೀ. ತೂತುಗಳನ್ನು ಒಂದಕ್ಕೊಂದು ತಾಗುವಂತೆ ಸರಪಣಿಯಾಗಿ ಕೊರೆದು, ನಡುವಿನ ಎಳೆಗಳನ್ನು ಕತ್ತರಿಯಿಂದ ತುಂಡರಿಸಿ, ಗೆರೆಯವರೆಗೆ ಅರದಿಂದ ತಿಕ್ಕಬಹುದು. ಒಂದು ಮಧ್ಯಾಹ್ನ ಪೂರ್ತಿ ಹಿಡಿಯುತ್ತದೆ, ಆದರೆ ತಾಳ್ಮೆಯಿಂದ ಮಾಡಿದ ಕೆಲಸ ಹೋಲ್‌ಸಾದ ಕೆಲಸಕ್ಕೆ ಏನೂ ಕಡಿಮೆಯಿರುವುದಿಲ್ಲ. ಅಂಚನ್ನು ಎಮರಿ ಕಾಗದದಿಂದ ನುಣುಪು ಮಾಡಿ, ಬೆರಳಿನ ಬದಲು ಹತ್ತಿಯ ಉಂಡೆಯನ್ನು ಸುತ್ತಲೂ ಓಡಿಸಿ ನೋಡಿ. ಎಳೆ ಸಿಕ್ಕಿಕೊಂಡ ಕಡೆ ಇನ್ನೂ ಮುಳ್ಳಿದೆ ಎಂದರ್ಥ. ಬರಿದಾದ ಲೋಹಕ್ಕೆ ಪ್ರೈಮರ್ ಹಚ್ಚಿ ಬಣ್ಣ ಬಳಿಯಿರಿ, ಮಂಗಳೂರು ಉಡುಪಿಗಳ ಉಪ್ಪುಗಾಳಿಯಲ್ಲಿ ಇದನ್ನು ಬಿಟ್ಟರೆ ಒಂದೇ ಮಳೆಗಾಲಕ್ಕೆ ತುಕ್ಕು ಏಳುತ್ತದೆ. ಬೋರ್ಡನ್ನು ಹೊರುವ ಹಿತ್ತಾಳೆ ಕಂಬಗಳ ಬುಡಕ್ಕೂ ಎಸ್‌ಎಂಪಿಎಸ್ ತಾಗುವ ಜಾಗಕ್ಕೂ ಬಣ್ಣ ತಾಗಬಾರದು, ಅಲ್ಲಿ ಲೋಹಕ್ಕೆ ಲೋಹ ಕೂಡಬೇಕು.

ಮುಂಭಾಗದ ತಳ ಮತ್ತು ಡಿಸ್ಕಿನ ಗೂಡು

ಮುಂಭಾಗದ ಕೆಳಗಿನ ಫ್ಯಾನ್ ಗ್ರಾಫಿಕ್ಸ್ ಕಾರ್ಡಿಗೂ ಹಾರ್ಡ್‌ಡಿಸ್ಕಿಗೂ ಗಾಳಿ ಕೊಡುತ್ತದೆ. ತಗಡಿನಲ್ಲಿ ತೂತು ಮಾಡುವ ಕ್ರಮ ಹಿಂಬದಿಯಂತೆಯೇ. ಇಲ್ಲಿ ಮರೆಯಬಾರದ್ದು ಹೊರಗಿನ ಪ್ಲಾಸ್ಟಿಕ್ ಮುಖವನ್ನು. ತಗಡನ್ನು ಎಷ್ಟು ಚೆನ್ನಾಗಿ ಕೊರೆದರೂ ಪ್ಲಾಸ್ಟಿಕ್ ಮುಖ ಮುಚ್ಚಿದ್ದರೆ ಫ್ಯಾನ್ ಗೋಡೆಗೆ ಮುಖ ಮಾಡಿ ನಿಂತಂತೆ. ಮುಖವನ್ನು ಬಿಚ್ಚಿ, ಫ್ಯಾನಿನ ಎದುರಿಗೆ ಬರುವ ಭಾಗವನ್ನು ಗುರುತಿಸಿ, ಒಳಗಿನಿಂದ ಕತ್ತರಿಸಿ ತೆಗೆದು ಜಾಲರಿ ಕೂರಿಸಿ. ಪ್ಲಾಸ್ಟಿಕ್ಕನ್ನು ವೇಗದ ಯಂತ್ರದಿಂದ ಕತ್ತರಿಸಿದರೆ ಕರಗಿ ಮತ್ತೆ ಅಂಟಿಕೊಳ್ಳುತ್ತದೆ, ಹಾಗಾಗಿ ಹ್ಯಾಕ್ಸಾ ಬ್ಲೇಡನ್ನು ಬಟ್ಟೆ ಸುತ್ತಿ ಕೈಯಲ್ಲೇ ಹಿಡಿದು ಕೊಯ್ಯುವುದು ಒಳ್ಳೆಯದು.

ಡಿಸ್ಕಿನ ಗೂಡು ಫ್ಯಾನಿನ ಬೆನ್ನಿಗೇ ಅಂಟಿಕೊಂಡಿರುತ್ತದೆ. ಎಸ್‌ಎಸ್‌ಡಿ ಬಳಸುವವರಿಗೆ ಅದರ ಅಗತ್ಯವಿಲ್ಲ. ಎಸ್‌ಎಸ್‌ಡಿಯನ್ನು ತಳದ ತಗಡಿಗೆ ಎರಡು ಬದಿಯ ಅಂಟುಪಟ್ಟಿಯಿಂದಲೂ ನಿಲ್ಲಿಸಬಹುದು. ಗೂಡಿಗೆ ರಿವೆಟ್ ಹೊಡೆದಿದ್ದರೆ ರಿವೆಟ್ಟಿನ ತಲೆಯನ್ನು 4 ಮಿ.ಮೀ. ಬಿಟ್ಟಿನಿಂದ ಕೊರೆದರೆ ಉದುರುತ್ತದೆ. ಆದರೆ ತೆಳು ತಗಡಿನ ಕ್ಯಾಬಿನೆಟ್ಟುಗಳಲ್ಲಿ ಈ ಗೂಡೇ ಮೇಲಿನ ಖಾನೆಗಳನ್ನು ಹೊತ್ತು ನಿಂತಿರುತ್ತದೆ. ಸ್ಕ್ರೂ ತೆಗೆದು ಚೌಕಟ್ಟನ್ನು ಕೈಯಿಂದ ಅಲುಗಾಡಿಸಿ ನೋಡಿ, ಓಲಾಡಿದರೆ ಗೂಡನ್ನು ಉಳಿಸಿ ಅದರ ಪಕ್ಕದ ಗೋಡೆಗಳಲ್ಲಷ್ಟೇ ಕಿಂಡಿ ತೆರೆಯಿರಿ.

ಪಕ್ಕದ ತಗಡಿನ ಫ್ಯಾನನ್ನು ನಾನು ಸಾಮಾನ್ಯವಾಗಿ ಸೂಚಿಸುವುದಿಲ್ಲ, ಅದು ಮುಂದಿನಿಂದ ಹಿಂದಕ್ಕೆ ಹೋಗುವ ಗಾಳಿಗೆ ಅಡ್ಡ ಹೊಡೆಯುತ್ತದೆ. ಪೆಂಟಿಯಂ 4 ಪ್ರೆಸ್ಕಾಟ್ ಕಾಲದಲ್ಲಿ ಪ್ರೊಸೆಸರ್ 115 ವ್ಯಾಟ್‌ವರೆಗೆ ಏರಿದಾಗ, ಇಂಟೆಲ್ ಕ್ಯಾಬಿನೆಟ್ ತಯಾರಕರಿಗೆ ಪಕ್ಕದ ತಗಡಿನಿಂದ ಪ್ರೊಸೆಸರಿನ ನೆತ್ತಿಗೆ ನೇರ ಕೊಳವೆ ಇಡುವ ವಿನ್ಯಾಸವನ್ನು ಕೊಟ್ಟಿತ್ತು. ನಿಮ್ಮ ಕ್ಯಾಬಿನೆಟ್ಟಿನಲ್ಲಿ ಆ ಪ್ಲಾಸ್ಟಿಕ್ ಕೊಳವೆ ಇನ್ನೂ ಇದ್ದು, ಈಗಿನ ಕೂಲರಿನ ನೆತ್ತಿಗೆ ಸರಿಯಾಗಿ ಬರುತ್ತಿದ್ದರೆ ತೆಗೆಯಬೇಡಿ. ಫ್ಯಾನಿಲ್ಲದೆಯೇ ಅದು ಹೊರಗಿನ ತಂಪು ಗಾಳಿಯನ್ನು ಕೂಲರಿಗೆ ಒದಗಿಸುತ್ತದೆ.

ವೈರಿಂಗ್

ಫ್ಯಾನಿನ ಗಾಳಿ ಯಾವ ಕಡೆಗೆ ಹೋಗುತ್ತದೆಂದು ಗುರುತಿಸಲು ಬಾಣದ ಗುರುತಿಲ್ಲದಿದ್ದರೆ ಮೋಟಾರನ್ನು ಹಿಡಿದ ಅಡ್ಡಪಟ್ಟಿಗಳ ಬದಿಯನ್ನು ನೋಡಿ: ಗಾಳಿ ಹೊರಬರುವುದು ಆ ಬದಿಯಿಂದ. ಬೋರ್ಡಿನ ಫ್ಯಾನ್ ಪಿನ್ನುಗಳು ಸಾಮಾನ್ಯವಾಗಿ 1 ಆಂಪಿಯರ್‌ವರೆಗೆ ತಡೆಯುತ್ತವೆ. ಫ್ಯಾನಿನ ಮೇಲೆ ಬರೆದ ಆಂಪಿಯರ್‌ಗಳನ್ನು ಕೂಡಿ ನೋಡಿ, ಅದರ ಅರ್ಧಕ್ಕಿಂತ ಹೆಚ್ಚಾದರೆ ಎಸ್‌ಎಂಪಿಎಸ್‌ನ ನಾಲ್ಕು ಪಿನ್ನಿನ ಮೊಲೆಕ್ಸ್ ವೈರಿನಿಂದ ವಿದ್ಯುತ್ ಕೊಡುವುದು ಕ್ಷೇಮ. ಅದರಲ್ಲಿ ಹಳದಿ 12 ವೋಲ್ಟ್, ಕೆಂಪು 5 ವೋಲ್ಟ್, ಎರಡು ಕಪ್ಪು ಗ್ರೌಂಡ್. ಹಳದಿ ಮತ್ತು ಕೆಂಪಿನ ನಡುವೆ ಫ್ಯಾನ್ ಜೋಡಿಸಿ 7 ವೋಲ್ಟ್ ಪಡೆಯುವ ಹಳೆಯ ಉಪಾಯವನ್ನು ಬಳಸಬೇಡಿ, ಅದು 5 ವೋಲ್ಟ್‌ನ ತಂತಿಗೆ ಹಿಮ್ಮುಖವಾಗಿ ಕರೆಂಟ್ ತಳ್ಳುತ್ತದೆ. ವೇಗ ಇಳಿಸಲು ರೆಸಿಸ್ಟರ್ ಇರುವ ಸಿದ್ಧ ಕೇಬಲ್ ಸಿಗುತ್ತದೆ.

ಹಳೆಯ ಡ್ರೈವುಗಳನ್ನು ಬೋರ್ಡಿಗೆ ಜೋಡಿಸುತ್ತಿದ್ದ ಅಗಲವಾದ ಐಡಿಇ ಕೇಬಲ್ ಇನ್ನೂ ಇದ್ದರೆ ಅದು ಗಾಳಿಯ ದಾರಿಗೆ ಪರದೆ ಕಟ್ಟಿದಂತೆ. ಬಳಸದ ಡ್ರೈವಿನದಾದರೆ ತೆಗೆದೇ ಬಿಡಿ. ಎಸ್‌ಎಂಪಿಎಸ್‌ನ ಬಳಕೆಯಾಗದ ವೈರುಗಳನ್ನು ಮಡಚಿ ಖಾನೆಗಳ ಪಕ್ಕಕ್ಕೆ ಟೈ ಹಾಕಿ ಕಟ್ಟಿ.

ಜೋಡಣೆ, ಹೊಗೆಯ ಪರೀಕ್ಷೆ, ಮುಚ್ಚಬೇಕಾದ ಕಿಂಡಿಗಳು

ಬೋರ್ಡು ಕೂರಿಸುವ ಮುನ್ನ ಚೌಕಟ್ಟನ್ನು ತಲೆಕೆಳಗಾಗಿ ತಟ್ಟಿ, ಬ್ರಷ್ಷಿನಿಂದ ಗುಡಿಸಿ, ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿ. ಮಡಿಕೆಗಳ ಸಂದಿಗೆ ಅಂಟುಪಟ್ಟಿಯ ಅಂಟುಬದಿಯನ್ನು ಒತ್ತಿ ಎತ್ತಿದರೆ ಉಳಿದ ಪುಡಿ ಹತ್ತಿಕೊಂಡು ಬರುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಅಯಸ್ಕಾಂತವೂ ಒಳ್ಳೆಯದು. ಚೀಲವನ್ನು ಮಗುಚಿದರೆ ಪುಡಿ ಅದರೊಳಗೇ ಉಳಿಯುತ್ತದೆ. ಬೋರ್ಡಿನ ತೂತಿಲ್ಲದ ಜಾಗದಲ್ಲಿ ಹಿತ್ತಾಳೆ ಕಂಬ ಉಳಿದಿಲ್ಲವೆಂದು ಖಚಿತಪಡಿಸಿಕೊಳ್ಳಿ.

ಎಲ್ಲವನ್ನೂ ಮುಚ್ಚಿ, ಯಂತ್ರವನ್ನು ಚಾಲೂ ಮಾಡಿ, ಒಂದು ಊದುಬತ್ತಿ ಹಚ್ಚಿ. ಕೋಣೆಯ ಸೀಲಿಂಗ್ ಫ್ಯಾನ್ ಆರಿಸಿರಬೇಕು. ಮುಂಭಾಗದ ಜಾಲರಿಯ ಹತ್ತಿರ ಹಿಡಿದರೆ ಹೊಗೆಯ ಎಳೆ ನೇರವಾಗಿ ಒಳಗೆ ಸೆಳೆಯಲ್ಪಡಬೇಕು. ಈಗ ಹಿಂಬದಿಗೆ ಬಂದು, ಫ್ಯಾನಿನ ಪಕ್ಕದ ಕಿಂಡಿಗಳಿಗೂ ಕಾರ್ಡ್ ಇಲ್ಲದ ಖಾಲಿ ಸ್ಲಾಟುಗಳಿಗೂ ಊದುಬತ್ತಿಯನ್ನು ನಿಧಾನವಾಗಿ ಒಯ್ಯಿರಿ. ಅಲ್ಲಿ ಹೊಗೆ ಒಳಗೆ ಹೋಗುತ್ತಿದ್ದರೆ, ಈಗಷ್ಟೇ ಹೊರಗೆ ಹಾಕಿದ ಬಿಸಿ ಗಾಳಿಯನ್ನೇ ಕ್ಯಾಬಿನೆಟ್ಟು ಮತ್ತೆ ಉಸಿರಾಡುತ್ತಿದೆ. ಅಂಥ ಕಿಂಡಿಗಳಿಗೆ ಸ್ಲಾಟಿನ ಮುಚ್ಚಳ ಹಾಕಿ, ಇಲ್ಲದಿದ್ದರೆ ಒಳಗಿನಿಂದ ಅಲ್ಯೂಮಿನಿಯಂ ಅಂಟುಪಟ್ಟಿ ಹಚ್ಚಿ. ಒಳಗೆ ತಳ್ಳುವ ಫ್ಯಾನುಗಳು ಹೊರಗೆ ಎಳೆಯುವವುಗಳಿಗಿಂತ ತುಸು ಹೆಚ್ಚು ಗಾಳಿ ಕೊಡುವಂತೆ ವೇಗವನ್ನು ಹೊಂದಿಸಿದರೆ ಸಂದುಗಳಿಂದ ಗಾಳಿ ಹೊರಗೆ ಸೂಸುತ್ತದೆ, ದೂಳು ಫಿಲ್ಟರ್ ಇರುವ ದಾರಿಯಿಂದ ಮಾತ್ರ ಬರಬೇಕಾಗುತ್ತದೆ.

ಫಿಲ್ಟರಿಗೆ ಕಿಟಕಿಗೆ ಹಾಕುವ ನೈಲಾನ್ ಸೊಳ್ಳೆ ಜಾಲರಿ ಸಾಕು. ನೂಲು, ಕೂದಲು, ದಪ್ಪ ದೂಳನ್ನು ಅದು ಹಿಡಿಯುತ್ತದೆ. ನುಣ್ಣನೆಯ ದೂಳು ದಾಟಿಹೋಗುತ್ತದೆ, ಆದರೆ ಅದನ್ನೂ ತಡೆಯುವ ಒತ್ತಾದ ಬಟ್ಟೆ ಹಾಕಿದರೆ ಕಷ್ಟಪಟ್ಟು ತೆರೆದ ದಾರಿ ಮತ್ತೆ ಮುಚ್ಚಿದಂತಾಗುತ್ತದೆ. ಸ್ಕ್ರೂ ಬಿಚ್ಚದೆ ಹೊರಗಿನಿಂದಲೇ ತೆಗೆಯಲು ಬರುವಂತೆ ಅದನ್ನು ಅಯಸ್ಕಾಂತದ ಪಟ್ಟಿಯಿಂದ ನಿಲ್ಲಿಸಿ, ತೆಗೆಯಲು ಕಷ್ಟವಾದ ಫಿಲ್ಟರನ್ನು ಯಾರೂ ತೊಳೆಯುವುದಿಲ್ಲ.

ಕೊನೆಯದಾಗಿ ಕ್ಯಾಬಿನೆಟ್ ಇಡುವ ಜಾಗ. ನಮ್ಮ ಕಂಪ್ಯೂಟರ್ ಮೇಜುಗಳಲ್ಲಿ ಸಿಪಿಯು ಇಡಲೆಂದೇ ಮಾಡಿರುವ ಗೂಡು ಮೂರು ಕಡೆ ಮುಚ್ಚಿರುತ್ತದೆ, ಹಿಂಬದಿಯ ಬಿಸಿ ಗಾಳಿ ಅಲ್ಲೇ ಸುತ್ತಿ ಮುಂಭಾಗಕ್ಕೆ ಬರುತ್ತದೆ. ಗೂಡಿನ ಹಿಂದಿನ ಹಲಗೆಯನ್ನು ಬಿಚ್ಚಿ, ಗೋಡೆಯಿಂದ ಒಂದು ಗೇಣು ದೂರ ಬಿಡಿ. ನೆಲದಿಂದ ಎರಡು ಮೂರು ಇಂಚು ಎತ್ತರಿಸಿದರೆ ಕಸ ಗುಡಿಸುವಾಗ ಏಳುವ ದೂಳು ಕಡಿಮೆ ಸೇರುತ್ತದೆ. ದೂಳಿಗೆಂದು ಹಾಕುವ ಬಟ್ಟೆಯ ಹೊದಿಕೆಯನ್ನು ಯಂತ್ರ ಆರಿಸಿದ ಮೇಲಷ್ಟೇ ಹೊದಿಸಬೇಕು. ಬಳಿಕ ಮೊದಲಿನ ಹೊರೆಯನ್ನೇ ಅರ್ಧ ಗಂಟೆ ಕೊಟ್ಟು, ಕೋಣೆಯ ಉಷ್ಣತೆಯನ್ನು ಕಳೆದು ಬಂದ ವ್ಯತ್ಯಾಸವನ್ನು ಹಳೆಯದರ ಪಕ್ಕದಲ್ಲಿ ಬರೆಯಿರಿ. ಬೇಸಿಗೆಯಲ್ಲಿ ಎರಡು ವಾರಕ್ಕೊಮ್ಮೆ ಫಿಲ್ಟರ್ ತೊಳೆಯಿರಿ. ಆ ವ್ಯತ್ಯಾಸ ಮತ್ತೆ ಏರತೊಡಗಿದರೆ ಮೊದಲು ಫಿಲ್ಟರನ್ನೂ, ಆಮೇಲೆ ಹೀಟ್‌ಸಿಂಕ್‌ನ ರೆಕ್ಕೆಗಳನ್ನೂ ನೋಡಿ.